ಗುರುವಯ್ಯನವರ ಬಲಗೈ

ಗುರುವಯ್ಯನವರ ಕೋಟಿನ ಎರಡು ತೋಳುಗಳನ್ನೂ ಒಂದೇ ಬಟ್ಟೆಯಲ್ಲಿ ಹೊಲಿದದ್ದು ಎಂದರೆ ಹೊಸಬರು ನಂಬುತ್ತಿರಲಿಲ್ಲ. ಎಡತೋಳು ಮಣಿಕಟ್ಟಿನವರೆಗೂ ನೀಟಾಗಿ ಇಳಿದು, ಹೊಲಿಸಿದ ದಿನದ ಕಂದುಬಣ್ಣವನ್ನು ಬಹುಪಾಲು ಉಳಿಸಿಕೊಂಡಿತ್ತು. ಬಲತೋಳು ಮಾತ್ರ ಮೊಣಕೈಯಿಂದ ಕೆಳಗೆ ಮುದುಡಿ, ಬಿಳಿಚಿ, ಅಂಚಿನ ನೂಲು ಬಿಟ್ಟು, ಬೇರೆ ಯಾರದೋ ಹಳೆಯ ಕೋಟಿನಿಂದ ಕಿತ್ತು ತಂದು ಸೇರಿಸಿದಂತೆ ಕಾಣುತ್ತಿತ್ತು. ಹನ್ನೆರಡು ವರ್ಷಗಳಿಂದ ಆ ತೋಳು ದಿನಕ್ಕೆರಡು ಸಲ ಬಚ್ಚಲುಮನೆಯ ಹಂಡೆಯೊಳಗೆ ಮುಳುಗಿ ಏಳುತ್ತಿತ್ತು. ನೀರಿನ ಕಾವು ನೋಡಬೇಕು ಎನಿಸಿದಾಗ ತೋಳು ಮಡಿಸುವಷ್ಟು ವ್ಯವಧಾನ ಅವರಿಗಿರಲಿಲ್ಲ. ಕಣ್ಣು ಮುಚ್ಚಿ, ಮೊಣಕೈಯವರೆಗೆ ಕೈ ಅದ್ದಿ, ನೀರಿನೊಳಗೆ ಏನನ್ನೋ ಆಲಿಸುವವರಂತೆ ತಲೆ ವಾಲಿಸಿ ನಿಂತು, ಆಮೇಲೆ ಇನ್ನೊಂದು ಕೊಳ್ಳಿ ಒಲೆಗೆ ನೂಕುವರು, ಇಲ್ಲವೇ ಒಂದು ಚೊಂಬು ತಣ್ಣೀರು ಸುರಿಯುವರು. “ಹದ ಅನ್ನೋದೊಂದಿದೆ ಮಾರಾಯ” ಎನ್ನುವುದು ಅವರ ಮಾತಿನ ಪಲ್ಲವಿ. ಕಾಫಿ ಒಣಗಿಸುವುದಕ್ಕೂ ಮಗಳಿಗೆ ಗಂಡು ನೋಡುವುದಕ್ಕೂ ಅವರು ಇದೇ ಮಾತನ್ನು ಆಡುತ್ತಿದ್ದರು.

ಗೋಣಿಬೀಡಿನ ಆಚೆ ಅವರದು ದೊಡ್ಡ ತೋಟವೇನಲ್ಲ. ಅವರಿಗಿಂತ ಹೆಚ್ಚು ಗಿಡ, ಹೆಚ್ಚು ಆಳು, ಅಗಲವಾದ ಕಣ ಇದ್ದವರು ಸುತ್ತ ಬೇಕಾದಷ್ಟು ಮಂದಿ ಇದ್ದರು. ಆದರೆ ಘಟ್ಟದ ರಸ್ತೆಯಲ್ಲಿ ದಣಿದು ಬಂದವರು ಸ್ನಾನಕ್ಕೆಂದು ಹುಡುಕಿಕೊಂಡು ಬರುತ್ತಿದ್ದದ್ದು ಅವರ ಮನೆಗೆ. ಅಮಲ್ದಾರರು ಮೊಕ್ಕಾಂ ಬಂದರೆ ಮುಸಾಫಿರಖಾನೆ ಬಿಟ್ಟು ಗುರುವಯ್ಯನವರ ಬಚ್ಚಲಿಗೆ ಬರುವರು. ಮಿಂದು, ಕೆಂಪಗಾಗಿ, ಜಗಲಿಯಲ್ಲಿ ಕೂತು, “ಇಂಥ ನೀರು ಅರಮನೆಯಲ್ಲೂ ಸಿಕ್ಕದು” ಎನ್ನುವರು. ಆ ಮಾತು ಕೇಳಿದ ದಿನ ಗುರುವಯ್ಯನವರು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು.

ಈ ಸುಖಕ್ಕೆ ಕಲ್ಲು ಹಾಕಿದವನು ಅವರ ಷಡ್ಡಕ ಕೆಂಚಯ್ಯ. ಅವನ ಮನೆ ಹಳ್ಳದ ಆಚೆ ದಿಬ್ಬದ ಮೇಲೆ, ಕೂಗಿದರೆ ಕೇಳುವಷ್ಟು ದೂರ. ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ಅವನು ಒಂದು ತಾಮ್ರದ ಬಾಯ್ಲರು ತರಿಸಿದ. ಆಳೆತ್ತರದ ಕೊಳಗ; ನಡುವೆ ಬೆಂಕಿಯ ಕೊಳವೆ; ಹೊಟ್ಟೆಯಲ್ಲಿ ಹಿತ್ತಾಳೆಯ ನಲ್ಲಿ. ನಾಲ್ಕು ಪುಳ್ಳೆ ಹಾಕಿದರೆ ಮನೆಮಂದಿಗೆಲ್ಲ ನೀರು. ಅಮಲ್ದಾರರ ಮುಂದಿನ ಮೊಕ್ಕಾಮಿನಲ್ಲಿ ಅವರ ಕುದುರೆಗಾಡಿ ಹಳ್ಳದ ಈಚೆ ತಿರುಗದೆ ನೆಟ್ಟಗೆ ದಿಬ್ಬ ಹತ್ತಿತು. ಬೇಲಿಯ ಬಳಿ ನಿಂತು ಅದನ್ನು ನೋಡಿದ ಗುರುವಯ್ಯನವರಿಗೆ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಅವರು ಅದನ್ನು ತಮ್ಮಿಂದ ತಾವೇ ಮುಚ್ಚಿಡಲಿಲ್ಲ. ಅದು ಹೊಟ್ಟೆಕಿಚ್ಚೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಕೆಂಚಯ್ಯನ ಬಚ್ಚಲಿನ ಹೊಗೆ ಎಷ್ಟು ಹೊತ್ತಿಗೆ ಏಳುತ್ತದೆ, ಯಾರ ಗಾಡಿ ಅಂಗಳದಲ್ಲಿ ನಿಂತಿದೆ, ಎಲ್ಲವೂ ಅವರಿಗೆ ಬಾಯಿಪಾಠ. “ನಲ್ಲಿ ತಿರುಗಿಸೋಕೆ ಕೋತಿಗೂ ಬರುತ್ತೆ” ಎಂದು ಹೆಂಡತಿ ಸಾವಿತ್ರಮ್ಮನ ಹತ್ತಿರ ಎನ್ನುವರು. ಎಂದ ಮೇಲೂ ಉರಿ ಆರುತ್ತಿರಲಿಲ್ಲ.

ಆ ವರ್ಷವೇ, ಮಗಳ ಮದುವೆಯಾಗಿ ಮೂರು ತಿಂಗಳಿಗೆ, ಅಜ್ಜನ ಕಾಲದ ಹಂಡೆ ತಳಬಿಟ್ಟಿತು. ಮೂಡಿಗೆರೆಯ ಕಂಚುಗಾರ ಅದನ್ನು ಮಗುಚಿ ನೋಡಿ, ತಳದಲ್ಲಿ ತೇಪೆಯನ್ನು ಬಿಟ್ಟು ತಾಮ್ರವೇ ಉಳಿದಿಲ್ಲ ಎಂದ. ದೀಪಾವಳಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ಹೊಸ ಅಳಿಯ ಮೊದಲ ಹಬ್ಬಕ್ಕೆ ಬರುವವನು. ಚತುರ್ದಶಿಯ ಬೆಳಗಿನ ಎಣ್ಣೆನೀರು ಅವನಿಗೆ ಮಾವನ ಮನೆಯಲ್ಲಿಯೇ ಆಗಬೇಕು. ಕೆಂಚಯ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿ ಕಳಿಸಿದ, ಅಳಿಯಂದಿರ ಸ್ನಾನ ಬೇಕಾದರೆ ನಮ್ಮ ಮನೆಯಲ್ಲೇ ಆಗಲಿ ಎಂದು. ಆ ಮಾತು ಗುರುವಯ್ಯನವರಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

“ಇನ್ನೊಂದು ಹಂಡೆ ತಂದುಬಿಡಿ. ಕುತ್ತಿಗೆ ಇದ್ರೆ ಹಬ್ಬಕ್ಕೆ ಬಳ್ಳಿ ಕಟ್ಟಬಹುದು” ಎಂದರು ಸಾವಿತ್ರಮ್ಮ.

ಹಂಡೆ ತಂದರೆ ಕೆಂಚಯ್ಯನಿಗಿಂತ ಕೆಳಗಾಯಿತು. ಬಾಯ್ಲರು ತಂದರೆ ಅವನನ್ನು ನೋಡಿ ತಂದಂತಾಯಿತು. ಹದಿನೈದು ದಿನ ಅವರು ಈ ಎರಡರ ನಡುವೆ ಒದ್ದಾಡಿದರು. ಅಷ್ಟರಲ್ಲಿ ಕೊಟ್ಟಿಗೆಹಾರದ ಕಡೆಯ ಬಿಳಿ ದೊರೆಯೊಬ್ಬ ಎಸ್ಟೇಟು ಮಾರಿ ತನ್ನ ಸೀಮೆಗೆ ಹೊರಟ, ಬಂಗಲೆಯ ಸಾಮಾನು ಹರಾಜಿಗಿದೆ ಎಂದು ಸುದ್ದಿ ಬಂತು. ಗುರುವಯ್ಯನವರು ಕೋಟು ಹಾಕಿಕೊಂಡು ಹೋದರು. ಅಲ್ಲಿ ಅವರು ಕಂಡದ್ದು ಮೂರನೆಯದೊಂದು ವಸ್ತು.

ಬಂಗಲೆಯ ಕೊಳಾಯಿ ಮೇಸ್ತ್ರಿ ಲಕ್ಕಯ್ಯ ಅದರ ಮರ್ಮವನ್ನು ಬಿಡಿಸಿ ಹೇಳಿದ. “ಒಲೆ ಮೇಲಿರೋ ಈ ಕಬ್ಬಿಣದ ಪೆಟ್ಟಿಗೇಲಿ ನೀರು ಕಾಯುತ್ತೆ ಸ್ವಾಮಿ. ಕಾದದ್ದು ಕೊಳವೇಲಿ ಹೋಗಿ, ಅಗೋ ಆ ತಾಮ್ರದ ತೊಟ್ಟಿ ಒಳಗೆ ಸುರುಳಿ ಸುತ್ತಿ, ಮತ್ತೆ ಪೆಟ್ಟಿಗೆಗೇ ಬರುತ್ತೆ. ಸುರುಳಿ ಕಾವಿಗೆ ತೊಟ್ಟಿ ನೀರು ಬಿಸಿಯಾಗುತ್ತೆ. ಒಲೆ ನೀರು ಬೇರೆ, ಮೈ ನೀರು ಬೇರೆ. ಒಂದಕ್ಕೊಂದು ಮುಟ್ಟೋದೇ ಇಲ್ಲ.”

ಕೆಂಚಯ್ಯನ ಬಾಯ್ಲರಿನಲ್ಲಿ ಬೆಂಕಿ ತಾಗುವುದು ಮೀಯುವ ನೀರಿಗೇ. ಇಲ್ಲಾದರೋ ಬೆಂಕಿಯ ಸೋಂಕೇ ಇಲ್ಲದ ಬಿಸಿನೀರು! ಗುರುವಯ್ಯನವರ ಮನಸ್ಸು ಆಗಲೇ ದಿಬ್ಬ ಹತ್ತಿ, ಕೆಂಚಯ್ಯನ ಮುಖ ಹೇಗಾಗುತ್ತದೆ ಎಂದು ನೋಡುತ್ತಿತ್ತು. ಆದ್ದರಿಂದಲೇ ಲಕ್ಕಯ್ಯ ಕೊನೆಗೆ ಹೇಳಿದ ಮಾತು, ಪೆಟ್ಟಿಗೆಯನ್ನು ಎಂದೂ ಬರಿದು ಬಿಡಬಾರದು, ಅದಕ್ಕೆ ಮೇಲಿನಿಂದ ನೀರು ಇಳಿಸುವ ಅಟ್ಟದ ಡಬ್ಬಿಗೆ ವಾರಕ್ಕೊಂದು ಚೊಂಬು ನೀರು ಹಾಕುತ್ತಿರಬೇಕು ಎಂಬುದು, ಅವರ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಲಕ್ಕಯ್ಯನೇ ಬಂದು ಅದನ್ನು ಕೂರಿಸಿ, ನೀರು ತುಂಬಿಸಿ, ಚಿಕ್ಕಮಗಳೂರಿಗೆ ಹೊರಟುಹೋದ. ಒಂದು ತಿಂಗಳು ಗುರುವಯ್ಯನವರು ನೆಲದ ಮೇಲೆ ನಡೆಯಲಿಲ್ಲ. ಕಂಡವರನ್ನೆಲ್ಲ ಕರೆದು ಬಚ್ಚಲು ತೋರಿಸಿದರು. ಕೆಂಚಯ್ಯನೂ ಬಂದು, ಕೊಳವೆಗಳನ್ನು ತಟ್ಟಿ ನೋಡಿ, ಏನೂ ಹೇಳದೆ ಹೋದ. ಆ ಮೌನ ಅವರಿಗೆ ಅಮಲ್ದಾರರ ಹೊಗಳಿಕೆಗಿಂತ ರುಚಿಯಾಗಿತ್ತು. ಒಂದೇ ಕೊರತೆಯೆಂದರೆ ಮುಚ್ಚಿದ ತೊಟ್ಟಿಗೆ ಕೈ ಅದ್ದುವುದಕ್ಕೆ ಜಾಗವಿರಲಿಲ್ಲ. ಕೋಟಿನ ಬಲತೋಳು ಮೊದಲ ಬಾರಿಗೆ ಒಣಗಿತು.

ನೀರು ತುಂಬುವ ಹಬ್ಬದ ಸಂಜೆ ಬಂತು. ಆ ದಿನ ಮನೆಯಲ್ಲಿ ಹಳೆಯ ನೀರು ಒಂದು ತೊಟ್ಟೂ ಉಳಿಯಬಾರದು. ಹಂಡೆ, ಕೊಡ, ಗಡಿಗೆ ಎಲ್ಲವನ್ನೂ ಬರಿದು ಮಾಡಿ, ಬೆಳಗಿ, ಬಾವಿಯ ಹೊಸನೀರು ತುಂಬಿ, ಕೊರಳಿಗೆ ಬಳ್ಳಿ ಕಟ್ಟಿ ಪೂಜಿಸಬೇಕು. ಗುರುವಯ್ಯನವರು ಶಾಸ್ತ್ರ ಬಿಡುವವರಲ್ಲ. ತೊಟ್ಟಿಯನ್ನು ಬರಿದು ಮಾಡಿದರು. ಆಮೇಲೆ ಒಲೆಯ ಮೇಲಿನ ಪೆಟ್ಟಿಗೆ ನೆನಪಾಯಿತು. ತಿಂಗಳಿಂದ ಅದೇ ನೀರು ಅದರೊಳಗೆ ಸುತ್ತುತ್ತಿದೆ! ಕೆಳಗಿನ ತಿರುಪು ಬಿಚ್ಚಿದಾಗ ತುಕ್ಕಿನ ಕೆಂಪುನೀರು ಬಳಬಳನೆ ಸುರಿಯಿತು. “ನೋಡೇ, ಇಂಥ ಕೊಳಕನ್ನ ಹಬ್ಬದ ದಿನ ಮನೇಲಿ ಇಟ್ಕೋತಿದ್ವಲ್ಲ” ಎಂದು ಹೆಂಡತಿಗೆ ತೋರಿಸಿ ತಿರುಪು ಬಿಗಿದರು. ತೊಟ್ಟಿಗೆ ಹೊಸನೀರು ತುಂಬಿದರು. ಒಲೆ ನೀರು ಬೇರೆ, ಮೈ ನೀರು ಬೇರೆ ಎಂಬುದು ಹಬ್ಬದ ಗಡಿಬಿಡಿಯಲ್ಲಿ ಮರೆತೇಹೋಗಿ, ಅದೇ ಸುತ್ತಿಕೊಂಡು ಪೆಟ್ಟಿಗೆಗೂ ಹೋಗುತ್ತದೆ ಎಂಬುದು ಅವರ ಲೆಕ್ಕ. ತೊಟ್ಟಿಗೆ ಕೊರಳಿಲ್ಲದೆ ಬಳ್ಳಿ ಜಾರಿ ಜಾರಿ ಬಿದ್ದು, ಕೊನೆಗೆ ಸಾವಿತ್ರಮ್ಮ ಅದನ್ನು ಕೊಳವೆಗೆ ಕಟ್ಟಿದರು.

ಬೆಳಗಿನ ಜಾವ ಅಳಿಯ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತ. ಒಲೆ ಧಗಧಗ ಉರಿಯುತ್ತಿತ್ತು. ನಲ್ಲಿಯಲ್ಲಿ ಬಂದದ್ದು ಬಾವಿಯ ತಣ್ಣೀರು. ಇನ್ನಷ್ಟು ಸೌದೆ ಒಟ್ಟಿದರು. ಪೆಟ್ಟಿಗೆ ಕೆಂಪಗಾಯಿತು; ನೀರು ತಣ್ಣಗೇ ಇತ್ತು. ಆಗ ಲಕ್ಕಯ್ಯನ ಮಾತು ಒಮ್ಮೆಗೇ ನೆನಪಿಗೆ ಬಂದು, ಗುರುವಯ್ಯನವರು ಏಣಿ ಹತ್ತಿ ಅಟ್ಟದ ಡಬ್ಬಿಗೆ ಒಂದು ಕೊಡ ನೀರನ್ನು ಹಾಗೆಯೇ ಸುರಿದರು. ಕೆಳಗೆ ಮನೆ ನಡುಗುವಂತೆ ಸದ್ದಾಯಿತು. ಹಬೆ ಸರಿದ ಮೇಲೆ ನೋಡಿದರೆ, ಕಬ್ಬಿಣದ ಪೆಟ್ಟಿಗೆ ಮೇಲಿಂದ ಕೆಳಗಿನವರೆಗೆ ಬಿರಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಪುಣ್ಯ.

ಎಣ್ಣೆ ಮೆತ್ತಿಕೊಂಡು ಚಳಿಗೆ ನಡುಗುತ್ತಿದ್ದ ಅಳಿಯನ ಮುಖ ನೋಡಲಾರದೆ ಗುರುವಯ್ಯನವರು ಬಚ್ಚಲಿನ ಮೂಲೆಯಲ್ಲಿ ಕುಕ್ಕರಿಸಿದರು. ಸಾವಿತ್ರಮ್ಮ ಅವರನ್ನು ಕೇಳಲಿಲ್ಲ. ಹಳ್ಳದ ಆಚೆಗೆ ಆಳನ್ನು ಅಟ್ಟಿದರು. ಬೆಳಕು ಹರಿಯುವ ಮುಂಚೆ ಕೆಂಚಯ್ಯ ಇಬ್ಬರು ಆಳುಗಳ ಹೆಗಲ ಮೇಲೆ, ಬಾಯಿಗೆ ಬಾಳೆಲೆ ಕಟ್ಟಿದ ನಾಲ್ಕು ಕೊಡ ಕುದಿನೀರು ಹೊರಿಸಿಕೊಂಡು ತಾನೇ ಬಂದ. ಅದನ್ನು ಹಬ್ಬಕ್ಕೆಂದು ತಂದಿದ್ದ ಹೊಸ ಕಡಾಯಿಗೆ ಸುರಿಸಿದ. ಬಿರಿದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ.

ಗುರುವಯ್ಯನವರು ಎದ್ದು ಬಂದು, ಅಭ್ಯಾಸಬಲದಿಂದ, ಮೊಣಕೈಯವರೆಗೆ ಕೈ ಅದ್ದಿದರು. ಕೈ ಸುಟ್ಟುಹೋಯಿತು. ಆದರೆ ಎದುರಿಗೆ ನಿಂತಿದ್ದವನು ಕೆಂಚಯ್ಯ.

“ದಾರೀಲಿ ಆರಿಹೋಗಿದೆ” ಎಂದರು.

ಕೆಂಚಯ್ಯ ಆ ಕೆಂಪು ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದ: “ಇರಬಹುದು ಅಣ್ಣಯ್ಯ. ಹಾಗಿದ್ರೆ ಹಾಗೇ ಹುಯ್ಯಲಾ ಅಳಿಯಂದ್ರಿಗೆ?”

ಗುರುವಯ್ಯನವರು ಚೊಂಬನ್ನು ನೋಡಿದರು, ಅಳಿಯನ ಬರಿಮೈ ನೋಡಿದರು. ಆಮೇಲೆ ತಾವೇ ಬಾವಿನೀರಿನ ಕೊಡಕ್ಕೆ ಬಾಗಿ, ಆರಿದೆ ಎಂದ ನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿದರು, ಇನ್ನೊಂದು, ಇನ್ನೊಂದು. ಕಣ್ಣು ಮುಚ್ಚಿ, ಸುಟ್ಟ ಕೈಯನ್ನೇ ಮತ್ತೆ ಅದ್ದಿ, ತಲೆ ವಾಲಿಸಿ ಆಲಿಸಿದರು. “ಈಗ ಹುಯ್ಯಿ” ಎಂದರು.

ಮೊದಲ ಚೊಂಬಿಗೇ ಅಳಿಯ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರುಬಿಟ್ಟ. ಕೆಂಚಯ್ಯ ಅದನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡು, “ಅಮಲ್ದಾರರು ನಮ್ಮಲ್ಲಿ ಮಿಂದು ಹೋಗೋವಾಗ ಏನಂದ್ರು ಗೊತ್ತಾ? ನೀರು ಬಿಸಿಯಿದೆ ಕೆಂಚಯ್ಯ, ಗುರುವಯ್ಯನ ಕೈ ಇಲ್ಲ, ಅಂದ್ರು. ಅವತ್ತಿಂದ ನನಗೆ ಆ ಬಾಯ್ಲರು ಕಂಡ್ರೆ ಆಗಲ್ಲ” ಎಂದ.

ಗುರುವಯ್ಯನವರ ಕೋಟಿನ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಒಂದು ವಿದ್ಯೆಯಿರುವ ಇಂಥವರ ಅಸೂಯೆ ಬಹಳ ಕುರುಡು. ಪರರ ಬಚ್ಚಲಿನ ಹೊಗೆಯನ್ನು ಎಣಿಸುತ್ತ ಕೂತು, ಸ್ವಂತ ತೋಳು ಒಣಗಿದ್ದನ್ನು ಅವರು ಕಾಣುವುದಿಲ್ಲ. ಅವರ ಬಾಯಿ ಸುಳ್ಳು ಹೇಳಬಲ್ಲದು. ಆದರೆ ಇನ್ನೊಬ್ಬರ ಮೈಮೇಲೆ ನೀರು ಬೀಳುವ ಗಳಿಗೆಯಲ್ಲಿ ಅವರ ಕೈಗೆ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ. ನೆರೆಯವರ ಹೊಟ್ಟೆ ಉರಿಯುವುದು ಆ ಕೈಯನ್ನು ಕಂಡೇ.