ಅರ್ಧ ಇಂಚು

ಟೈಲರ್ ತಾತನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಕಣ್ಣು ಮಂಜಾಗಿದೆ ಅಂತೇನಲ್ಲ, ಸೂಜಿಗೆ ದಾರವನ್ನು ಇವತ್ತಿಗೂ ಒಂದೇ ಸಲಕ್ಕೆ ಪೋಣಿಸುತ್ತಾನೆ. ನಲವತ್ತೆರಡು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು, ಬಂದವರ ಹೆಗಲು ನೋಡಿ, ತೋಳು ನೋಡಿ, ಸೊಂಟ ನೋಡಿ, ಕುತ್ತಿಗೆಯಿಂದ ಮೇಲೆ ಏನಿದೆ ಎಂದು ನೋಡುವ ಅಭ್ಯಾಸವೇ ಅವನಿಗೆ ಆಗಲಿಲ್ಲ. ದಾರಿಯಲ್ಲಿ ಯಾರಾದರೂ "ಗುರುತು ಸಿಕ್ತಾ?" ಎಂದು ನಿಂತರೆ ಮೊದಲು ಅವರ ಕಾಲರ್ ನೋಡುತ್ತಾನೆ. "ಓಹೋ, ಎಡ ಹೆಗಲು ಒಂಚೂರು ಇಳಿಜಾರು. ಪೋಸ್ಟಾಫೀಸಿನವರು ಅಲ್ವಾ?" ಎನ್ನುತ್ತಾನೆ. ಹತ್ತಕ್ಕೆ ಒಂಬತ್ತು ಸಲ ಸರಿಯೇ ಇರುತ್ತದೆ. ಉಳಿದವರು ಮುಖ ಊದಿಸಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ, ಆ ಊದಿದ ಮುಖವೂ ಇವನಿಗೆ ನೆನಪಿರುವುದಿಲ್ಲ.

ಮಂಡಿ ಮುಷ್ಕರ ಹೂಡಿ, ಪೆಡಲ್ ತುಳಿಯಲಾಗದೆ ಅಂಗಡಿ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ: ಮಧ್ಯಾಹ್ನ ಮೂರೂವರೆಗೆ ಮೊಮ್ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದು. ಮಗಳು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು, ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಹಾಗಾಗಿ ಈ ಕೆಲಸ ತಾತನ ಪಾಲಿಗೆ ಬಂದಿತ್ತು. ಆ ಮೂರೂವರೆಗೋಸ್ಕರವೇ ಅವನು ಬೆಳಿಗ್ಗೆ ಏಳುತ್ತಿದ್ದ ಎಂದರೂ ತಪ್ಪಿಲ್ಲ. ಎರಡು ಗಂಟೆಗೇ ಅಂಗಿಗೆ ಇಸ್ತ್ರಿ. ಮೂರಕ್ಕೆಲ್ಲ ಶಾಲೆಯ ಗೇಟಿನ ಮುಂದೆ ಹಾಜರು.

ಮೊಮ್ಮಗಳಿಗೆ ಆರು ವರ್ಷ. ಹುಟ್ಟಿದಾಗ ದುಂಡಗಿದ್ದಳೆಂದು ತಾತನೇ ಇಟ್ಟ ಹೆಸರು, ಗುಂಡಿ. ಅಂಗಿಯ ಗುಂಡಿಯಲ್ಲ, ಕೋಟಿನ ದೊಡ್ಡ ಗುಂಡಿ.

ಇನ್ನೂರು ಮಕ್ಕಳು ಒಂದೇ ಥರ ನೀಲಿ ಕೋಟು ತೊಟ್ಟು ದಬದಬನೆ ಹೊರಗೆ ಬರುವಾಗ ಉಳಿದ ಅಜ್ಜ ಅಜ್ಜಿಯರು ಕತ್ತು ಉದ್ದ ಮಾಡಿ ಹುಡುಕುತ್ತಿದ್ದರು. ನಮ್ಮ ತಾತನಿಗೆ ಅಂಥ ಪರದಾಟವೇ ಇರಲಿಲ್ಲ. ಗುಂಡಿಯ ಕೋಟು ಅವನ ಕೈಯ ಹೊಲಿಗೆ. ಜೇಬಿನ ಎರಡೂ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ತ್ರಿಕೋನದ ಹೊಲಿಗೆ ಹಾಕಿದ್ದ. ಈ ಕಾಲದಲ್ಲಿ ಅಷ್ಟು ತಾಳ್ಮೆ ಯಾವ ಟೈಲರಿಗಿದೆ ಹೇಳಿ? ದೂರದಿಂದಲೇ ಆ ಜೇಬು ಕಾಣುತ್ತಿತ್ತು, ಹೋಗಿ ಕೈ ಹಿಡಿಯುತ್ತಿದ್ದ, ಮುಗಿಯಿತು.

ಎಡವಟ್ಟಾದದ್ದು ಒಂದು ಮಂಗಳವಾರ.

ಅವತ್ತೂ ಜೇಬು ಕಂಡಿತು, ಕೈ ಹಿಡಿದ, ಹೊರಟ. ದಾರಿಯುದ್ದಕ್ಕೂ ಮಾತು ಅವನದೇ. "ಊಟದ ಡಬ್ಬಿ ಖಾಲಿ ಮಾಡಿದ್ಯಾ? ಮಾಡಿರ್ತೀಯ ಬಿಡು. ಇವತ್ತು ಏನು ಬಂಗಾರಿ, ಬಾಯಿಗೆ ಬೀಗ?" ಪಕ್ಕದಿಂದ ಉತ್ತರವಿಲ್ಲ. ಮುನಿಸಿಕೊಂಡಿರಬೇಕು ಎಂದುಕೊಂಡ. ಸೈಕಲ್ ರಿಪೇರಿ ಅಂಗಡಿಯ ತಿರುವಿನಲ್ಲಿ ನೋಡುತ್ತಾನೆ, ಕೋಟಿನ ತೋಳು ಮಗುವಿನ ಬೆರಳನ್ನೇ ನುಂಗಿಬಿಟ್ಟಿದೆ! ತನ್ನ ಅಳತೆ ತಪ್ಪುವುದೆಂದರೇನು? ಅಲ್ಲೇ ಮಂಡಿಯೂರಿ ಕೂತು, ಗೇಣು ಹಾಕಿ ಹೆಗಲು ಅಳೆದ. ಅರ್ಧ ಇಂಚು ಕಮ್ಮಿ. ಮತ್ತೆ ಅಳೆದ. ಅರ್ಧ ಇಂಚು ಕಮ್ಮಿಯೇ. ಬೆಳಿಗ್ಗೆಯಿಂದ ಸಂಜೆಯೊಳಗೆ ಮಗು ಅರ್ಧ ಇಂಚು ಕುಗ್ಗಲು ಸಾಧ್ಯವೇ?

ಆಮೇಲೆ ತಲೆ ಎತ್ತಿ ಮುಖ ನೋಡಿದ. ಯಾರದೋ ಮಗು!

"ಯಾರಮ್ಮ ನೀನು?"

"ಗುಂಡಿ ಫ್ರೆಂಡು," ಎಂದಿತು ಮಗು, ಇರುವೆಗೂ ಕೇಳಿಸದಷ್ಟು ಮೆತ್ತಗೆ. "ನನ್ನ ಕೋಟ್ ಮೇಲೆ ನೀರು ಚೆಲ್ಲಿತ್ತು. ಚಳಿ ಆಗ್ತಿತ್ತು. ಅವಳದ್ದು ಕೊಟ್ಟಳು."

"ಮತ್ತೆ ನನ್ನ ಜೊತೆ ಯಾಕಮ್ಮ ಬಂದೆ?"

"ನೀವು ಕರೆದ್ರಲ್ಲ."

ಮಂಡಿನೋವು ಆ ಕ್ಷಣ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮಗುವನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಏದುಸಿರು ಬಿಡುತ್ತಾ ಓಡಿದ. ಗೇಟಿನ ಮುಂದೆ ಆ ಮಗುವಿನ ಅಜ್ಜಿ, ನರ್ಸಾಗಿ ನಿವೃತ್ತಿಯಾದವರು, ಬೀದಿಗೆ ಬೀದಿಯೇ ಸೇರುವ ಹಾಗೆ ಕೂಗಾಡುತ್ತಿದ್ದರು. ತಾತನನ್ನು ಕಂಡದ್ದೇ ತಡ, ಪೂರ್ತಿ ಮಂಗಳಾರತಿಯಾಯಿತು.

"ಏನ್ರೀ ಟೈಲರೇ, ಮೈಮೇಲೆ ಪ್ರಜ್ಞೆ ಇದೆಯಾ ನಿಮಗೆ? ನನ್ನ ಜೀವ ಬಾಯಿಗೆ ಬಂದಿತ್ತು! ಮಗು ಯಾವುದು ಕೋಟು ಯಾವುದು ಗೊತ್ತಾಗಲ್ವಾ?"

ಗುಂಡಿ ಒಂದು ಮೂಲೆಯಲ್ಲಿ ತನ್ನ ಚೀಲದ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. "ನಾನು ತಾತಾ ತಾತಾ ಅಂತ ಕೂಗಿದೆ. ನೀನು ತಿರುಗ್ಲೇ ಇಲ್ಲ," ಎಂದಳು ಅಷ್ಟೆ. ಅಜ್ಜಿಯ ಬೈಗುಳವೆಲ್ಲ ಒಂದು ತೂಕವಾದರೆ ಈ ಮಾತೇ ಒಂದು ತೂಕವಾಯಿತು.

ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು. ಮಗಳು ಕೂಗಾಡಲಿಲ್ಲ, ತಟ್ಟೆಗಳನ್ನು ಒರೆಸುತ್ತಾ ಶಾಂತವಾಗಿ ಹೇಳಿದಳು. ಅವಳು ಶಾಂತವಾದರೇ ಅಪಾಯ.

"ಸೋಮವಾರದಿಂದ ವ್ಯಾನ್ ಬರುತ್ತೆ ಅಪ್ಪಾ. ಮಾತಾಡಿದೀನಿ."

"ಒಂದು ಸಲ ತಪ್ಪಾಯ್ತು ಕಣೇ. ಮನುಷ್ಯ ಅಂದಮೇಲೆ..."

"ಸರಿ, ಹೇಳು. ನಿನ್ನ ಮೊಮ್ಮಗಳು ಹೇಗಿದಾಳೆ?"

"ಹೆಗಲು ಹತ್ತೂವರೆ, ತೋಳು ಹದಿನಾಲ್ಕು, ಎದೆ..."

"ಮುಖ ಅಪ್ಪಾ, ಮುಖ. ಯಾವ ಕೆನ್ನೆ ಮೇಲೆ ಮಚ್ಚೆ ಇದೆ? ಯಾವ ಹಲ್ಲು ಬಿದ್ದಿದೆ?"

ತಾತ ಗುಂಡಿಯ ಕಡೆ ಕಳ್ಳನೋಟ ಬೀರಿದ. ಗುಂಡಿ ಪಾಪ, ಗುಟ್ಟಾಗಿ ಬಲಗೆನ್ನೆ ಮುಟ್ಟಿ ತೋರಿಸಿದಳು. "ಬಲಗೆನ್ನೆ," ಎಂದ ತಾತ.

"ಮಚ್ಚೆನೇ ಇಲ್ಲ ಅವಳಿಗೆ," ಎಂದಳು ಮಗಳು. "ಅವಳು ಸೊಳ್ಳೆ ಕಚ್ಚಿದ್ದು ತೋರಿಸ್ತಿದಾಳೆ."

ಆಮೇಲೆ ಗುಂಡಿ ಕಾಲು ನೆಲಕ್ಕೆ ಬಡಿದು ರಂಪ ಎಬ್ಬಿಸಿದಳು. ವ್ಯಾನ್ ಬೇಡ, ವ್ಯಾನಿನಲ್ಲಿ ವಾಸನೆ, ವ್ಯಾನ್ ಸೈಕಲ್ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ತನಗೆ ತಾತನೇ ಬೇಕು. ಕಡೆಗೆ ಅವಳಮ್ಮ ಒಂದು ಷರತ್ತು ಹಾಕಿದಳು. ಶುಕ್ರವಾರ ಅರ್ಧ ದಿನ ರಜೆ ಹಾಕಿ ತಾನೇ ಶಾಲೆಯ ಎದುರು ನಿಲ್ಲುತ್ತಾಳೆ. ಗುಂಡಿ ಅಂಗಡಿಯಿಂದ ತಂದ ಕೋಟು ತೊಡಬೇಕು. ಕರೆಯಬಾರದು, ಕೈ ಬೀಸಬಾರದು. ಇನ್ನೂರು ಮಕ್ಕಳಲ್ಲಿ ತಾತ ತಾನಾಗಿಯೇ ಮೊಮ್ಮಗಳನ್ನು ಹುಡುಕಿ ಕೈ ಹಿಡಿದರೆ ವ್ಯಾನ್ ಇಲ್ಲ. ಇಲ್ಲದಿದ್ದರೆ ಸೋಮವಾರದಿಂದ ತಾತ ಮೂರೂವರೆಗೆ ಮನೆಯಲ್ಲೇ.

ಬುಧವಾರ, ಗುರುವಾರ ಗುಂಡಿಯದೇ ಪಾಠಶಾಲೆ. ತಾತನನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ತಾನು ಕುರ್ಚಿಯ ಮೇಲೆ ನಿಂತು, "ನೋಡ್ಕೋ" ಎನ್ನುತ್ತಿದ್ದಳು. ತಾತ ಟೇಪು ತೆಗೆದ. ಹಣೆ ಎರಡಿಂಚು. ಕಿವಿಯಿಂದ ಕಿವಿಗೆ...

"ಅಳತೆ ಬೇಡ ತಾತ! ಸುಮ್ನೆ ನೋಡು."

ಸುಮ್ಮನೆ ನೋಡುವುದು ಅಷ್ಟು ಸುಲಭವೇನ್ರಿ? ನೋಡುತ್ತಿದ್ದ, ನೋಡುತ್ತಿದ್ದ, ಕಣ್ಣು ಜಾರಿ ಕಾಲರಿಗೆ ಬರುತ್ತಿತ್ತು. ಗುಂಡಿ ಅವನ ಗದ್ದ ಹಿಡಿದು ಎತ್ತುತ್ತಿದ್ದಳು. "ಮೇಲೆ ತಾತ, ಮೇಲೆ." ನಗುವ ಮುಖ ತೋರಿಸಿದಳು, ಅಳುವ ಮುಖ ತೋರಿಸಿದಳು, ಕೋತಿ ಮುಖವನ್ನೂ ತೋರಿಸಿದಳು. ಅವಳು ಆ ಕಡೆ ಹೋಗಿ ತಾತ ಕಣ್ಣು ಮುಚ್ಚಿದರೆ ಮುಖವೆಲ್ಲ ಅಳಿಸಿಹೋಗಿ ಹತ್ತೂವರೆಯ ಹೆಗಲೊಂದೇ ಉಳಿಯುತ್ತಿತ್ತು.

ಇದು ಅವನಿಗೆ ಹೊಸದಲ್ಲ. ಯಾರಿಗೂ ಹೇಳದ ಮಾತೊಂದು ಅವನ ಹೊಟ್ಟೆಯಲ್ಲಿತ್ತು. ಹೆಂಡತಿ ತೀರಿಕೊಂಡು ಎಂಟು ವರ್ಷ. ಅವಳ ಮುಖವೂ ಅವನಿಗೆ ನೆನಪಾಗುತ್ತಿರಲಿಲ್ಲ. ಹೆಗಲು ಹದಿಮೂರೂವರೆ, ತೋಳು ಒಂಬತ್ತು, ಅದೆಲ್ಲ ಬಾಯಿಪಾಠ. ಗೋಡೆಯ ಮೇಲಿನ ಫೋಟೋದಲ್ಲಿ ಅವಳು ಫೋಟೋದವನು ಹೇಳಿದ ಹಾಗೆ ನಗುತ್ತಿದ್ದಳು. ಅದು ಅವಳ ಮುಖವಲ್ಲ ಎಂದಷ್ಟೇ ಗೊತ್ತು. ಅವಳದ್ದು ಹೇಗಿತ್ತು ಎಂದು ಎಷ್ಟು ತಡಕಾಡಿದರೂ ಸಿಕ್ಕಿರಲಿಲ್ಲ.

ಶುಕ್ರವಾರ ಮೂರೂವರೆ. ರಸ್ತೆಯಾಚೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಮಗಳು ಕೈಕಟ್ಟಿ ನಿಂತಿದ್ದಳು. ಗಂಟೆ ಹೊಡೆಯಿತು. ಬಂತು ನೋಡಿ ನೀಲಿ ಕೋಟುಗಳ ಪ್ರವಾಹ!

ತಾತನ ಕಣ್ಣು ಹಳೇ ಚಾಳಿಯಂತೆ ಜೇಬಿಗೇ ಹೋಯಿತು. ಎಲ್ಲ ಅಂಗಡಿಯ ಹೊಲಿಗೆ, ಹೆಗಲಲ್ಲಿ ಸುಕ್ಕು, ಅಂಚಿನಲ್ಲಿ ದಾರ ನೇತಾಡುತ್ತಿದೆ. ಒಂದು ಹೆಗಲು ಹತ್ತೂವರೆಯ ಹಾಗೆ ಕಂಡು ಕೈ ಚಾಚಿಯೇಬಿಟ್ಟ. ಆಗ ಗದ್ದದ ಮೇಲೆ ಗುಂಡಿಯ ಕೈ ಇದ್ದಂತೆನಿಸಿ ತಲೆ ಎತ್ತಿದ. ಹುಡುಗ! ಮೂತಿಯ ತುಂಬ ಪೆನ್ಸಿಲ್ ಗೀಟು. ಕೈ ಹಿಂದಕ್ಕೆ ತೆಗೆದ.

ಆಮೇಲೆ ಕೋಟು ನೋಡಲಿಲ್ಲ, ಮುಖ ನೋಡಿದ. ಅಬ್ಬಬ್ಬಾ, ಎಷ್ಟೊಂದು ಮುಖ! ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು? ಗುಂಪು ಕರಗುತ್ತಾ ಬಂತು. ಇನ್ನೇನು ಸೋಮವಾರದ ವ್ಯಾನ್ ಬಂದೇಬಿಟ್ಟಿತು ಎಂದುಕೊಂಡ.

ಆಗ ಕಂಬದ ಪಕ್ಕದಲ್ಲಿ ಒಂದು ಮುಖ ಕಂಡಿತು. ಕಾದು ಕಾದು ಸಾಕಾದ ಮುಖ. ಎಡಹುಬ್ಬು ಮೇಲೇರಿದೆ, ಬಲಹುಬ್ಬು ಗಂಟು ಹಾಕಿಕೊಂಡಿದೆ, ಕೆಳತುಟಿ ಮುಂದೆ ಬಂದಿದೆ.

ತಾತ ನಿಂತಲ್ಲೇ ನಿಂತುಬಿಟ್ಟ. ಈ ಮುಖ ಅವನಿಗೆ ಗೊತ್ತು. ದಿನಾ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯ ಹೊಸ್ತಿಲಲ್ಲಿ ಊಟದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಮುಖ ಅದು. ಇವನು ಬಟ್ಟೆಯಿಂದ ಕಣ್ಣು ಕೀಳದೆ "ಎರಡೇ ನಿಮಿಷ" ಎನ್ನುತ್ತಿದ್ದ. ಅವಳು ಅರ್ಧ ಗಂಟೆ ನಿಲ್ಲುತ್ತಿದ್ದಳು, ಹೀಗೇ, ಇದೇ ಹುಬ್ಬು, ಇದೇ ತುಟಿ. ಎಂಟು ವರ್ಷ ಹುಡುಕಿದ್ದು ಶಾಲೆಯ ಗೇಟಿನಲ್ಲಿ ಚೀಲ ಹೊತ್ತು ನಿಂತಿತ್ತು.

ತಾತ ಸೋತನೆಂದುಕೊಂಡು ಮಗಳು ರಸ್ತೆ ದಾಟತೊಡಗಿದಳು. ಕರೆಯುವಂತಿಲ್ಲವಲ್ಲ, ಗುಂಡಿ ಹುಬ್ಬನ್ನು ಇನ್ನಷ್ಟು ಗಂಟು ಹಾಕಿದಳು. ಅಷ್ಟು ಸಾಕಾಯಿತು. ತಾತ ನೆಟ್ಟಗೆ ಹೋಗಿ ಮಂಡಿಯೂರಿ, ಹೆಗಲು ಮುಟ್ಟದೆ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಷ್ಟು ಹೊತ್ತು ತಾತ!" ಎಂದಳು ಗುಂಡಿ.

"ತಪ್ಪಾಯ್ತು ಕಣಮ್ಮ," ಎಂದ ತಾತ. ಯಾರಿಗೆ ಹೇಳಿದನೋ, ಕಣ್ಣಲ್ಲಿ ನೀರು ಬಂದಿತ್ತು. "ತುಂಬ ಹೊತ್ತು ಕಾಯಿಸಿಬಿಟ್ಟೆ."

ಹಿಂದೆ ಬಂದು ನಿಂತಿದ್ದ ಮಗಳ ಕಡೆ ತಿರುಗಿದ. "ಇದು ನಿಮ್ಮಮ್ಮನ ಹುಬ್ಬು ಕಣೇ! ನನಗೆ ಯಾಕೆ ಹೇಳಲಿಲ್ಲ?"

"ಆರು ವರ್ಷದಿಂದ ಹೇಳ್ತಾನೇ ಇದೀನಿ ಅಪ್ಪಾ," ಎಂದಳು ಮಗಳು. "ನೀನು ತಲೆ ಎತ್ತಿದ್ರೆ ತಾನೇ?"

ಆಮೇಲೆ ಮೂಗು ಒರೆಸಿಕೊಂಡು, ವ್ಯಾನಿನವನಿಗೆ ಬರಬೇಡ ಅಂತ ಸಂಜೆ ಫೋನ್ ಮಾಡ್ತೀನಿ ಎಂದಳು. ಗುಂಡಿ ಕುಣಿದಳು. ಮೂವರೂ ಮನೆಯ ಕಡೆ ಹೊರಟರು. ಸೈಕಲ್ ಅಂಗಡಿಯ ತಿರುವು ಬರುವಷ್ಟರಲ್ಲಿ ತಾತ ಎರಡು ಸಲ ಎಡವಿದ, ಒಂದು ಸಲ ದೀಪದ ಕಂಬಕ್ಕೆ ಭುಜ ತಾಗಿಸಿಕೊಂಡ. ಕಣ್ಣೆಲ್ಲ ಮೊಮ್ಮಗಳ ಮುಖದ ಮೇಲೇ ಇತ್ತು.

"ಅಯ್ಯೋ ತಾತ," ಎಂದಳು ಗುಂಡಿ, ಅವನ ಕೈಯನ್ನು ಬಿಗಿಯಾಗಿ ಹಿಡಿದು. "ಮುಂದೆ ನೋಡ್ಕೊಂಡು ನಡಿ."