ಅರ್ಧಕ್ಕೆ ನಿಂತ ಹಾಡು

"ಭಯೋತ್ಪಾದನೆ ಓದಿ ಎಂ.ಎ. ಮಾಡ್ತಾಳಂತೆ. ಪಾತ್ರೆ ಕಂಡ್ರೆ ಮಾತ್ರ ಅಹಿಂಸೆ," ಎಂದು ಚಿಕ್ಕಮ್ಮ ಎಂದಿನಂತೆ ಚುಚ್ಚಿದಳು. ಹುಡುಗಿ ನಕ್ಕು ಸಿಂಕಿನ ಮುಂದೆ ಹೋಗಿ ನಿಂತಳು.

ಉಗ್ರರು ಹಾಡು ಕಟ್ಟಿ ಎಳೆಯರನ್ನು ಹೇಗೆ ಸೆಳೆಯುತ್ತಾರೆ ಎಂಬುದು ಅವಳ ಪ್ರಬಂಧದ ವಿಷಯ. ತಿಂಗಳುಗಟ್ಟಲೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವನ್ನೇ ಕೇಳಿದ್ದಳು. ಓದಿಗೆಂದು ಬಂದು ಉಳಿದಿದ್ದ ಈ ಚಿಕ್ಕಮ್ಮನ ಮನೆಯಲ್ಲಿ ಜೋರಾಗಿ ಹಾಕುವಂತಿರಲಿಲ್ಲ. ಚಿಕ್ಕಪ್ಪ ಸತ್ತದ್ದು ಬಸ್ಸಿನಲ್ಲಿ ಬಾಂಬು ಸಿಡಿದು. ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ ಎಡಗಿವಿ ಕಳೆದುಕೊಂಡು ಬದುಕಿದ್ದಳು. ಆ ದಿನದ ಬಗ್ಗೆ ಅವಳು ತುಟಿಪಿಟಕ್ಕೆನ್ನುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ತಟ್ಟೆ ಉಜ್ಜುತ್ತಿದ್ದ ಹುಡುಗಿಗೆ ಬೆನ್ನ ಹಿಂದೆ ಸದ್ದಡಗಿದ್ದು ತಿಳಿಯಿತು. ತಿರುಗಿದರೆ, ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿ ದಿಟ್ಟಿಸುತ್ತಿದ್ದಳು.

"ಏನೇ ಅದು ಹಾಡ್ತಿದ್ದದ್ದು?"

ತಾನು ಆ ಉಗ್ರರ ಹಾಡೊಂದನ್ನು ಗುನುಗುತ್ತಿದ್ದುದು ಹುಡುಗಿಗೆ ಆಗಲೇ ಹೊಳೆದದ್ದು. "ಯಾವುದೋ ಸಿನಿಮಾದ್ದು, ಚಿಕ್ಕಮ್ಮ."

"ನನ್ನ ಕಿವಿಗೇ ಹೂವಿಡಬೇಡ. ಬಾಂಬು ಇಟ್ಕೊಂಡಿದ್ದ ಆ ಹುಡುಗ ನಮ್ಮ ಮುಂದಿನ ಸೀಟಲ್ಲಿ ಇದನ್ನೇ ಹಾಡ್ಕೋತಿದ್ದ. ಸಣ್ಣಗೆ, ಕಿಟಕಿ ಕಡೆ ಮುಖ ಮಾಡ್ಕೊಂಡು. ನಿಮ್ಮ ಚಿಕ್ಕಪ್ಪ, ಪರವಾಗಿಲ್ವೇ, ಒಳ್ಳೇ ಕಂಠ ಅಂದ್ರು. ಅದೇ ಅವರ ಕೊನೇ ಮಾತು."

ಕಿವಿಯಾರೆ ಕೇಳಿದವಳ ಸಾಕ್ಷಿ! ಪ್ರಬಂಧದ ಹುಚ್ಚು ಒಂದು ಕ್ಷಣ ಹುಡುಗಿಯ ಒಳಗೆ ತಲೆಯೆತ್ತಿತು. ಮರುಕ್ಷಣ ತನ್ನ ಮೇಲೇ ಹೇಸಿಗೆಯಾಯಿತು.

"ತಪ್ಪಾಯ್ತು ಚಿಕ್ಕಮ್ಮ. ಬೇರೆ ಕಡೆ ರೂಮ್ ನೋಡ್ಕೋತೀನಿ."

"ರೂಮಿನ ಕತೆ ಆಮೇಲೆ. ಅದು ಮುಂದೆ ಹೇಗಿದೆ, ಹಾಡು. ಅವನು ಅರ್ಧಕ್ಕೇ... ಇಷ್ಟು ವರ್ಷದಿಂದ ತಲೇಲಿ ಅಲ್ಲಿಗೇ ಬಂದು ನಿಲ್ಲುತ್ತೆ ಕಣೇ. ಒಂದ್ಸಲ ಪೂರ್ತಿಯಾದ್ರೆ ಬಿಟ್ಟು ತೊಲಗುತ್ತೇನೋ."

ಹುಡುಗಿ ನಲ್ಲಿ ನಿಲ್ಲಿಸಿದಳು. ಚಿಕ್ಕಮ್ಮ ಹತ್ತಿರ ಬಂದು ಬಲಗಿವಿ ಒಡ್ಡಿದಳು. ಹುಡುಗಿ ಮೊದಲಿನಿಂದ ಕೊನೆಯವರೆಗೂ ಹಾಡಿದಳು. ಕೊನೆಯ ಚರಣದಲ್ಲಿ ಮಗ ತಾಯಿಗೆ ಅಳಬೇಡ ಎನ್ನುತ್ತಾನೆ.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕಾ," ಎಂದು ಚಿಕ್ಕಮ್ಮ ಮತ್ತೆ ಬಟ್ಟೆ ಮಡಚಲು ಕೂತಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಅದೇ ರಾಗ ಕೇಳಿಬಂತು. ಹುಡುಗಿ ಹಾಸಿಗೆಯಲ್ಲೇ ಎದ್ದು ಕೂತು ಕಿವಿಗೊಟ್ಟಳು. ಹಾಡು ಅರ್ಧದವರೆಗೆ ಬಂದು ನಿಂತಿತು. ತುಸು ಹೊತ್ತು ಬಿಟ್ಟು, ಮತ್ತೆ ಮೊದಲಿನಿಂದ ಶುರುವಾಯಿತು.