ದ್ಯಾವಮ್ಮನ ಕೈಗುಣ

ಅಲಸಂದೆ ಗಿಡ ಎಲ್ಲಿ ಕಂಡರೂ ನನ್ನ ಕಣ್ಣು ಇವತ್ತಿಗೂ ಬೇರಿನ ಕಡೆಗೇ ಹೋಗುತ್ತದೆ. ಬೇರಿನಲ್ಲಿ ಪುಟ್ಟ ಪುಟ್ಟ ಗಂಟುಗಳಿರಬೇಕು. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣವಿರಬೇಕು. ಹಾಗಿದ್ದರೆ ಗಂಟಿನೊಳಗೆ ಜೀವಾಣು ಬದುಕಿದೆ, ಗಿಡಕ್ಕೆ ಸಾರ ಉಣಿಸುತ್ತಿದೆ ಎಂದು ಅರ್ಥ. ಜೀವಾಣು ಗೊಬ್ಬರದ ಪೊಟ್ಟಣ ಹಿಡಿದು ಇದನ್ನೇ ಊರೂರಿಗೆ ಹೇಳುತ್ತ ತಿರುಗುವುದು ಆಗ ನನ್ನ ಕೆಲಸವಾಗಿತ್ತು.

ಹಾಗೆ ಹೋದ ಒಂದು ಊರಿನಲ್ಲಿ ಯಾರ ಹೊಲದ ಬಿತ್ತನೆಯಾದರೂ ಮೊದಲ ಹಿಡಿ ಬೀಜವನ್ನು ದ್ಯಾವಮ್ಮನವರೇ ಮುಟ್ಟಿ ಕೊಡಬೇಕಿತ್ತು. ಅವರ ಕೈಗುಣ ಅಂಥದ್ದು ಎಂಬ ನಂಬಿಕೆ. ಗಂಡ ಸತ್ತ ಮೇಲೆ ಮದುವೆ ಮುಂಜಿಗಳಲ್ಲಿ ಹಿಂದೆ ಸರಿದು ನಿಲ್ಲುತ್ತಿದ್ದ ಹೆಂಗಸು; ಬಿತ್ತನೆಯ ದಿನ ಮಾತ್ರ ಊರೇ ಅವರ ಬಾಗಿಲಿಗೆ ಬರುತ್ತಿತ್ತು. ಅವರು ಒಪ್ಪಿದರೆ ಊರೇ ಒಪ್ಪಿದಂತೆ ಎಂದು ನಾನೂ ಅವರನ್ನೇ ಹಿಡಿದೆ.

ಹುಣಸೆಮರದ ಕೆಳಗೆ ಎಲ್ಲರೂ ಸೇರಿದರು. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಪೊಟ್ಟಣದ ಕಪ್ಪು ಪುಡಿ ಕಲಸಿ, ಅಲಸಂದೆ ಬೀಜಕ್ಕೆ ಸವರಿ ನೆರಳಿನಲ್ಲಿ ಒಣಗಿಸಬೇಕು; ಬಿಸಿ ತಾಗಿದರೆ ಜೀವಾಣು ಸಾಯುತ್ತದೆ. ನನಗೋ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ.

"ಪಾಕ ಇನ್ನೂ ಸುಡ್ತಾ ಐತಲ್ಲ ಸಾರ್?" ದ್ಯಾವಮ್ಮ ಬೋಗುಣಿಗೆ ಬೆರಳು ತಾಗಿಸಿ ಕೇಳಿದರು.

"ಏನೂ ಆಗಲ್ಲ, ಕಲಸಮ್ಮ. ಓದಿ ಬಂದಿರೋನು ನಾನಾ, ನೀನಾ?" ಎಂದೆ. ತಾಯಿಯ ವಯಸ್ಸಿನವರಿಗೆ ಆಡುವ ಮಾತೇ ಅದು! ಎಲ್ಲರೂ ನಕ್ಕರು. ಅವರೂ ನಕ್ಕು, ಸುಡುವ ಪಾಕಕ್ಕೇ ಪುಡಿ, ಬೀಜ ಸುರಿದು ಕೈ ಹಾಕಿ ಕಲಸಿದರು.

ಅರ್ಧಕ್ಕರ್ಧ ಬೀಜ ಮೊಳೆಯಲೇ ಇಲ್ಲ. ಹುಟ್ಟಿದ ಸಸಿಗಳೂ ತಿಂಗಳೊಳಗೆ ಹಳದಿಗೆ ತಿರುಗಿದವು. ನನ್ನ ಮೇಲಧಿಕಾರಿ ಬಂದು ಒಂದು ಗಿಡ ಕಿತ್ತರು, ಬೇರು ಬೋಳಾಗಿತ್ತು. "ಎಲ್ಲಿ ತಪ್ಪಾಯ್ತು?" ಎಂದು ಹುಣಸೆಮರದ ಕೆಳಗೆ, ಊರವರ ಎದುರೇ ಕೇಳಿದರು.

ನನ್ನ ಬಾಯಿಗೆ ಹುಳ ಬೀಳಲಿ! "ಎಷ್ಟು ಹೇಳಿದ್ರೂ ಇವ್ರು ಬೀಜಾನ ಬಿಸಿಲಿಗೆ ಹಾಕ್ಬಿಟ್ರು ಸಾರ್," ಎಂದು ದ್ಯಾವಮ್ಮನವರತ್ತ ಕೈ ತೋರಿಸಿಬಿಟ್ಟೆ.

ದ್ಯಾವಮ್ಮ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. "ಕೈಗುಣ ಹೋಯ್ತು ಕಣೇ," ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಮರುವರ್ಷ ಅದೇ ಮರದ ಕೆಳಗೆ ಹೊಸ ಪೊಟ್ಟಣಗಳನ್ನಿಟ್ಟುಕೊಂಡು ಕೂತೆ. ಊರೆಲ್ಲ ಇತ್ತು, ದ್ಯಾವಮ್ಮ ಇರಲಿಲ್ಲ. ಬೀಜ ಮುಟ್ಟಲು ಬೇರೆ ಯಾರನ್ನೋ ಕರೆದಿದ್ದರು. ಪಾಕ ಆರುವಷ್ಟರಲ್ಲಿ ಬರುತ್ತೇನೆಂದು ಎದ್ದು ನೇರ ಅವರ ಹಿತ್ತಿಲಿಗೆ ಹೋದೆ.

"ತಪ್ಪು ನಂದು, ಅಮ್ಮ. ಅವತ್ತು ಪಾಕ ಬಿಸಿ ಇತ್ತು."

"ಗೊತ್ತು ಸಾರ್. ಬೊಬ್ಬೆ ಎದ್ದಿದ್ದು ನನ್ನ ಕೈಯಾಗೆ ತಾನೆ?" ಎಂದರು. ಪಾತಿಯಲ್ಲಿ ನಾಲ್ಕಾರು ಅಲಸಂದೆ ಗಿಡಗಳು ಕಡು ಹಸಿರಾಗಿ ನಿಂತಿದ್ದವು. "ಅವತ್ತು ಉಳಿದ ಪುಡಿನ ಆರಿದ ಪಾಕದಾಗೆ ಕಲಸಿ, ನಾಕು ಕಾಳು ಇಲ್ಲೂ ಹಾಕಿದ್ದೆ. ಈ ಸಲಾನೂ ಅದೇ ಮಣ್ಣಾಗೆ ಮುಂಚೇನೇ ಹಾಕೀನಿ." ಒಂದು ಗಿಡ ಕಿತ್ತು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದರು. ಗುಲಾಬಿ. ಆ ಬೇರನ್ನು ಮುರಿದು ನನ್ನ ಅಂಗೈಗೆ ಹಾಕಿದರು.

"ನನ್ನ ಹಿತ್ಲಾಗೆ ಹೇಳಿದ್ರೆ ಏನು ಬಂತು ಸಾರ್? ಅವತ್ತು ನೀವು ಹೇಳಿದ್ದು ಹುಣಸೆಮರದ ಕೆಳಗಲ್ವಾ?"

"ಅಲ್ಲೇ ಹೇಳ್ತೀನಿ ಅಮ್ಮ," ಎಂದೆ. ಹೇಳಲೆಂದೇ ಬೇರು ಹಿಡಿದು ನಡೆದೆ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. "ಬನ್ನಿ ಸಾರ್, ಪಾಕ ಆರೈತಾ ನೋಡಿ," ಎಂದು ದಾರಿ ಬಿಟ್ಟರು. ಆ ಮರ್ಯಾದೆ ನನ್ನ ಬಾಯಿ ಕಟ್ಟಿತು. ಬೇರನ್ನು ಜೇಬಿಗಿಳಿಸಿ, ಬೋಗುಣಿಗೆ ಬೆರಳಿಟ್ಟು, "ಹೂಂ, ಈಗ ಕಲಸಿ," ಎಂದೆ. ಅಷ್ಟೇ ಅಂದೆ.

ಬಸ್ಸಿನಲ್ಲಿ ಕೂತು ಬೇರನ್ನು ತೆಗೆದು ನೋಡಿದೆ. ಸೀಳಿದ ಗಂಟು ಕಂದು ಬಣ್ಣಕ್ಕೆ ತಿರುಗಿತ್ತು. ಅವರ ಹಿತ್ತಿಲಿನ ಮಣ್ಣು ಮಾತ್ರ ಇನ್ನೂ ಹಸಿಯಾಗಿದ್ದು, ನನ್ನ ಅಂಗೈಗೆ ಮೆತ್ತಿಕೊಂಡಿತು.